75 ಸೆಂಟಿನ ವ್ಯತ್ಯಾಸದಿಂದ 1930ರವರೆಗೆ: ಸೈಬರ್ ತನಿಖೆಯ ಕಥೆ

1/7
ಮೊದಲೇ ಹೇಳಿಬಿಡ್ತೀನಿ, ಮೇಲಿರೋ 1930 ಇಸವಿ ಅಲ್ಲ, ಫೋನ್ ನಂಬರ್. ಕೊನೆಯವರೆಗೂ ಓದಿ, ಅದು ಯಾಕೆ ಬೇಕು ಅಂತ ಗೊತ್ತಾಗತ್ತೆ.

ನಾನು ಬಿಕಾಂ ಓದ್ತಿರೋದು. ನಮಗೆ ಮೊದಲ ಸೆಮಿಸ್ಟರ್‌ನಿಂದ ಹೇಳಿಕೊಡೋದು ಒಂದೇ ಮಾತು: ಲೆಕ್ಕ ತಾಳೆ ಆಗಬೇಕು. ಸೊಸೈಟಿಗೆ ಅಡಿಕೆ ಹಾಕಿ ಪಟ್ಟಿ ತಗೊಳ್ಳೋ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಕೇಳದೆ ಬಿಡಲ್ಲ ನೀವು. ಸೈಬರ್ ತನಿಖೆಯ ಚರಿತ್ರೆಯಲ್ಲಿ ತುಂಬ ಹೆಸರಾದ ಮೊದಲ ಕಥೆಯೂ ಹೀಗೇ ಶುರುವಾಗಿದ್ದು, ತಾಳೆ ಆಗದ ಒಂದು ಲೆಕ್ಕದಿಂದ.

2/7
1986ರ ಆಗಸ್ಟ್, ಅಮೆರಿಕದ ಕ್ಯಾಲಿಫೋರ್ನಿಯಾ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಸಿದ ಸಮಯದ ಲೆಕ್ಕದಲ್ಲಿ ಬಿಲ್ ಹಾಕ್ತಿದ್ದರು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಒಂದು ಡಾಲರ್ ಕೂಡ ಅಲ್ಲ! ಅದನ್ನು ಹುಡುಕೋ ಕೆಲಸ ಸಿಕ್ಕಿದ್ದು ಕ್ಲಿಫರ್ಡ್ ಸ್ಟಾಲ್ ಅನ್ನೋ ಖಗೋಳ ವಿಜ್ಞಾನಿಗೆ. ಯಾರೋ ಹಣ ಕಟ್ಟದೆ ಕೆಲವು ಸೆಕೆಂಡ್ ಕಂಪ್ಯೂಟರ್ ಬಳಸಿದ್ದರು. ಬೆನ್ನು ಹತ್ತಿದಾಗ ಅದು ಹೊರಗಿನ ಕಳ್ಳ ಅಂತ ತಿಳೀತು.

ಸ್ಟಾಲ್ ಆ ಕಳ್ಳನನ್ನು ಆಚೆ ಹಾಕಿ ಬಾಗಿಲು ಮುಚ್ಚಲಿಲ್ಲ. ಬರೋ ಲೈನ್‌ಗಳಿಗೆಲ್ಲ ಪ್ರಿಂಟರ್ ಜೋಡಿಸಿ, ಅವನು ಒತ್ತಿದ ಒಂದೊಂದು ಅಕ್ಷರವನ್ನೂ ಕಾಗದಕ್ಕಿಳಿಸಿದರು. ದಿನಾಂಕ, ಸಮಯ ಎಲ್ಲ ಬರೆದಿಟ್ಟರು. ಕಳ್ಳ ಹೆಚ್ಚು ಹೊತ್ತು ಕೂರಲಿ ಅಂತ ರಹಸ್ಯ ಮಿಲಿಟರಿ ಯೋಜನೆಯ ಥರ ಕಾಣೋ ಸುಳ್ಳು ಕಡತಗಳನ್ನೂ ಇಟ್ಟರು. ಜಾಡು ಹೋಗಿ ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ. ಅಲ್ಲಿನ ಗುಂಪೊಂದು ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರ್ತಿತ್ತು.

ಸಣ್ಣ ವ್ಯತ್ಯಾಸವನ್ನು ಬಿಡದೇ ಇರೋದು, ಸಾಕ್ಷ್ಯ ಅಳಿಸದೇ ಇರೋದು, ಎಲ್ಲವನ್ನೂ ಬರೆದಿಡೋದು. ಇವತ್ತಿನ ಡಿಜಿಟಲ್ ಫೊರೆನ್ಸಿಕ್ಸ್ ನಿಂತಿರೋದೂ ಈ ಮೂರರ ಮೇಲೇ.

3/7
ಈಗ ನಮ್ಮ ರಾಜ್ಯಕ್ಕೆ ಬನ್ನಿ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17ಕ್ಕೆ. ಮರುವರ್ಷವೇ, 2001ರಲ್ಲಿ, ಬೆಂಗಳೂರಲ್ಲಿ ದೇಶದ ಮೊದಲ ಸೈಬರ್ ಕ್ರೈಮ್ ಪೊಲೀಸ್ ಠಾಣೆ ಶುರುವಾಯ್ತು. ಹೌದು, ಮೊದಲನೆಯದು ನಮ್ಮದೇ!

ಆದರೆ ಇಡೀ ಕರ್ನಾಟಕಕ್ಕೆ ಅದೊಂದೇ ಠಾಣೆ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಜೊತೆಗೆ ಆಗಿನ ಕಾಯ್ದೆ ಪ್ರಕಾರ ಇಂಥ ಕೇಸಿನ ತನಿಖೆಯನ್ನು ಡಿವೈಎಸ್‌ಪಿಗಿಂತ ಕೆಳಗಿನವರು ಮಾಡೋ ಹಾಗಿರಲಿಲ್ಲ. 2008ರಲ್ಲಿ ಆದ ತಿದ್ದುಪಡಿ 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ಇನ್ಸ್‌ಪೆಕ್ಟರ್ ಕೂಡ ತನಿಖೆ ಮಾಡಬಹುದು ಅಂತ ಆಯ್ತು. ಆಮೇಲೆ ಜಿಲ್ಲೆಗಳಲ್ಲೂ ಸಿಇಎನ್ ಠಾಣೆಗಳು ಬಂದವು. ಸೈಬರ್, ಆರ್ಥಿಕ, ಮಾದಕ ವಸ್ತು, ಈ ಮೂರಕ್ಕೂ ಒಂದೇ ಠಾಣೆ. ನಮ್ಮ ಜಿಲ್ಲೆಯದ್ದು ಕಾರವಾರದಲ್ಲಿದೆ. ಘಟ್ಟ ಇಳೀಬೇಕು ನಿಜ, ಬೆಂಗಳೂರಿಗಂತೂ ಹೋಗಬೇಕಿಲ್ಲ.

4/7
ಸರಿ, ಫೋನೋ ಕಂಪ್ಯೂಟರೋ ಸಿಕ್ಕಿದ ಮೇಲೆ ತನಿಖೆಯವರು ಎಂತ ಮಾಡ್ತಾರೆ?

ಅದನ್ನು ಸುಮ್ಮನೆ ಆನ್ ಮಾಡಿ ನೋಡಲ್ಲ. ಆನ್ ಮಾಡಿದರೇ ಒಳಗಿನ ಎಷ್ಟೋ ಕಡತಗಳ ಸಮಯ ಬದಲಾಗತ್ತೆ. ಅದಕ್ಕೆ ಮೊದಲು ಹಾರ್ಡ್ ಡಿಸ್ಕಿಗೆ ಏನೂ ಬರೆಯಲಾಗದ ಹಾಗೆ ತಡೆಯೋ ಸಾಧನ ಜೋಡಿಸಿ, ಪೂರ್ತಿ ನಕಲು ತೆಗೀತಾರೆ. ಪರೀಕ್ಷೆ ಎಲ್ಲ ಆ ನಕಲಿನ ಮೇಲೆ. ಮೂಲ ಸೀಲ್ ಆಗಿ ಉಳಿಯತ್ತೆ.

ಆಮೇಲೆ ಹ್ಯಾಶ್ ಲೆಕ್ಕ ಹಾಕ್ತಾರೆ. ಇಡೀ ಡಿಸ್ಕಿನ ಮಾಹಿತಿಯನ್ನು ಒಂದು ಗಣಿತ ಸೂತ್ರಕ್ಕೆ ಹಾಕಿದರೆ ನಿಗದಿತ ಉದ್ದದ ಒಂದು ಸಂಕೇತ ಬರತ್ತೆ. ಎಸ್‌ಎಚ್‌ಎ-256 ಅನ್ನೋ ಸೂತ್ರದಲ್ಲಿ ಅದು 64 ಅಕ್ಷರ-ಅಂಕಿ. ಒಳಗೆ ಒಂದೇ ಒಂದು ಅಲ್ಪವಿರಾಮ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ದಾಸ್ತಾನು ಚೀಲಕ್ಕೆ ಹಾಕಿದ ಅರಗಿನ ಮುದ್ರೆ ಇದ್ದ ಹಾಗೆ.

ಡಿಲೀಟ್ ಮಾಡಿದ್ದು? ಹಳೇ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅಂದರೆ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದ ಹಾಗೆ. ಅದರ ಮೇಲೆ ಬೇರೆ ಬರೆಯೋವರೆಗೂ ಪುಟ ಒಳಗೇ ಇರತ್ತೆ. ಈಗಿನ ಫೋನ್‌ಗಳಲ್ಲಿ ಹಾಗಲ್ಲ, ಅಳಿಸಿದ್ದು ವಾಪಸ್ ಸಿಗೋದು ಬಹಳ ಕಷ್ಟ. ಇದನ್ನ ನೆನಪಿಟ್ಟುಕೊಳ್ಳಿ.

5/7
ಸಾಕ್ಷ್ಯ ಸಿಕ್ಕರೆ ಸಾಲದು, ಕೋರ್ಟ್ ಒಪ್ಪಬೇಕು. 2014ರ ಸೆಪ್ಟೆಂಬರ್ 18ರಂದು, ಅನ್ವರ್ ಪಿ.ವಿ. ಪ್ರಕರಣದಲ್ಲಿ, ಎಲೆಕ್ಟ್ರಾನಿಕ್ ದಾಖಲೆಯ ನಕಲಿನ ಜೊತೆ 65ಬಿ ಪ್ರಮಾಣಪತ್ರ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2020ರಲ್ಲಿ ಇನ್ನೊಂದು ತೀರ್ಪಿನಲ್ಲಿ ಅದನ್ನೇ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಕೇತವನ್ನೇ ಬರೆಯಬೇಕು, ತಜ್ಞರೂ ಸಹಿ ಹಾಕಬೇಕು. ಆಡಿಟರ್ ಸಹಿ ಇಲ್ಲದ ಬ್ಯಾಲೆನ್ಸ್ ಶೀಟ್ ಯಾರು ನಂಬ್ತಾರೆ ಹೇಳಿ?

6/7
ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂತೀರಾ? ನಮ್ಮ ರಾಜ್ಯದ್ದೇ ಕೇಸು ನೋಡಿ.

2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಬಿತ್ತು. ಟೆಂಡರ್‌ಗೆ ಗುತ್ತಿಗೆದಾರರು ಇಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹೋಯ್ತು. 2020ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಒಬ್ಬ ಯುವಕನನ್ನು ಹಿಡಿದರು. ಮುಂದೆ ಅದೇ 'ಬಿಟ್‌ಕಾಯಿನ್ ಹಗರಣ' ಅಂತ ರಾಜ್ಯವಿಡೀ ಸುದ್ದಿಯಾಯ್ತು. 2023ರಲ್ಲಿ ಎಸ್‌ಐಟಿ ರಚನೆ ಆಯ್ತು. 2024ರ ಜನವರಿಯಲ್ಲಿ ಎಸ್‌ಐಟಿ ಬಂಧಿಸಿದ್ದು ಯಾರನ್ನು ಗೊತ್ತಾ? ಮೊದಲ ತನಿಖೆಯಲ್ಲಿದ್ದ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಮತ್ತು ಒಬ್ಬ ಖಾಸಗಿ ಸೈಬರ್ ತಜ್ಞನನ್ನು. ಆರೋಪ: ಸಾಕ್ಷ್ಯವನ್ನೇ ತಿದ್ದಿದ್ದು. ಆರೋಪ ಅಂದರೆ ತೀರ್ಪಲ್ಲ, ಅದು ಕೋರ್ಟಿನ ಕೆಲಸ. ಆದರೆ ಒಂದು ವಿಷಯ ಸ್ಪಷ್ಟ. ಕಳ್ಳ ಎಷ್ಟೇ ಬುದ್ಧಿವಂತ ಇರಲಿ, ಲೆಕ್ಕದ ಪುಸ್ತಕ ಹಿಡಿದವರ ಕೈ ಶುದ್ಧ ಇಲ್ಲದಿದ್ದರೆ ಯಾವ ತಂತ್ರಜ್ಞಾನವೂ ನ್ಯಾಯ ಕೊಡಿಸಲ್ಲ. ಹ್ಯಾಶ್ ಅನ್ನೋದು ಪೊಲೀಸರನ್ನೂ ಪ್ರಶ್ನೆ ಮಾಡೋ ಸಾಕ್ಷಿ. ಅದಕ್ಕೇ ಅದು ಬೇಕು.

7/7
ಕೊನೆಗೆ ನಿಮ್ಮ ಮನೆ ಬಾಗಿಲಿಗೆ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು 'ಡಿಜಿಟಲ್ ಅರೆಸ್ಟ್' ಕರೆಯೊಂದನ್ನು ಕೇಳಿಸಿದರು. ಆ ಕರೆ ಬಂದಿದ್ದು ವಿಜಯಪುರದವರಿಗೆ. ವಿಜಯಪುರಕ್ಕೆ ಬಂದದ್ದು ಸೋಂದೆಗೂ ಬರತ್ತೆ, ಮಂಚಿಕೇರಿಗೂ ಬರತ್ತೆ. ಮಕ್ಕಳೆಲ್ಲ ಬೆಂಗಳೂರಲ್ಲಿ, ಮನೇಲಿ ಅಜ್ಜ-ಅಜ್ಜಿ ಇಬ್ಬರೇ, ಖಾತೇಲಿ ಅಡಿಕೆ ದುಡ್ಡು. ವಿಡಿಯೋ ಕಾಲ್‌ನಲ್ಲಿ ಬಂಧಿಸೋ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತ ಇವತ್ತೇ ಅವರಿಗೆ ಹೇಳಿ.

ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಕದ್ದ ಹಣ ಬಾಡಿಗೆ ಖಾತೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಓಡ್ತಾ ಇರತ್ತೆ. ಬೇಗ ಹೇಳಿದರೆ ನಡುವೆ ಎಲ್ಲಾದರೂ ತಡೆಹಿಡಿಯಬಹುದು. ಗುಡ್ಡದ ಮೇಲೆ ಹೋಗಿ ನೆಟ್‌ವರ್ಕ್ ಹುಡುಕಿಯಾದರೂ ಮಾಡಿ!

ಮತ್ತೆ, ನಾಚಿಕೆ ಅಂತ ಮೆಸೇಜ್ ಅಳಿಸಬೇಡಿ. ಮೋಸ ಹೋದವರು ಮೊದಲು ಮಾಡೋದೇ ಅದು. ಆ ಚಾಟ್, ಆ ನಂಬರ್, ಆ ಯುಟಿಆರ್ ಸಂಖ್ಯೆ, ಅವೇ ನಿಮ್ಮ 75 ಸೆಂಟ್. ಜಾಡು ಶುರುವಾಗೋದು ಅಲ್ಲಿಂದಲೇ.

ಸೇವ್ ಮಾಡಿಟ್ಟುಕೊಳ್ಳಿ. ಮನೆಯ ಹಿರಿಯರಿಗೆ ಓದಿ ಹೇಳಿ, ಫಾರ್ವರ್ಡ್ ಮಾಡಿದರೆ ಅವರು ಓದಲ್ಲ 🙂

#ಸೈಬರ್‌ಚರಿತ್ರೆ #ಶಿರಸಿ #ಸಿದ್ದಾಪುರ #ಯಲ್ಲಾಪುರ