ಸವೆದ ನಾಬಿನ ಚರಿತ್ರೆ

ಅಮ್ಮನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಇಪ್ಪತ್ತು ವರ್ಷ ದಾಟಿದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡಿದರೆ, ನಾಬನ್ನು ಐದು ಮನೆ ಶ್ರುತಿಯ ಹತ್ತಿರ ತಿರುಗಿಸಿದ ಕೂಡಲೇ ಪೆಟ್ಟಿಗೆ ಕರಕರ ಅನ್ನುತ್ತಿತ್ತು. ಸ್ವರ ಒಂದು ಸಲ ಮೇಲೆ ಹಾರುತ್ತೆ, ಒಂದು ಸಲ ಕೆಳಗೆ ಬೀಳುತ್ತೆ. ಬೇರೆ ಎಲ್ಲಾ ಕಡೆ ಸರಿಯಾಗೇ ಇತ್ತು.

"ನೋಡೋ, ನಂಗೆ ಬೇಕಾದ ಜಾಗದಲ್ಲೇ ಕೆಟ್ಟಿದೆ" ಅಂದಳು ಅಮ್ಮ. "ಬಿಡಮ್ಮಾ, ಫೋನಿಗೆ ಒಂದು ಆಪ್ ಹಾಕಿಕೊಡ್ತೀನಿ" ಅಂದೆ. ಅವಳು ಏನೂ ಹೇಳದೆ ಅಡುಗೆಮನೆಗೆ ಹೋದಳು. ಸ್ಕ್ರೂಡ್ರೈವರ್ ಹುಡುಕುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ಇಂಥ ನಾಬಿನ ಒಳಗಿರುವ ಭಾಗಕ್ಕೆ ಪೊಟೆನ್ಷಿಯೋಮೀಟರ್ ಅಂತ ಹೆಸರು. ಅಂಗಡಿಯವರು ಚಿಕ್ಕದಾಗಿ 'ಪಾಟ್' ಅಂತಾರೆ. ಒಳಗೆ ಕುದುರೆ ಲಾಳದ ಆಕಾರದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಪುಟ್ಟದೊಂದು ಲೋಹದ ನಾಲಿಗೆ, ಅಷ್ಟೇ. ನಾಲಿಗೆ ಉಜ್ಜಿದ ಕಡೆ ಕಾರ್ಬನ್ ಸ್ವಲ್ಪ ಸ್ವಲ್ಪವೇ ಸವೆಯುತ್ತೆ. ಅಮ್ಮ ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಶ್ರುತಿ ಕೂಡಿಸಿದ್ದು ಒಂದೇ ಜಾಗದಲ್ಲಿ. ಅವಳಿಗೆ ಬೇಕಾದ ಜಾಗವೇ ಕೆಟ್ಟಿದ್ದು ಕಾಕತಾಳೀಯವಲ್ಲ. ಬೇಕಾಗಿದ್ದಕ್ಕೇ ಅದು ಕೆಟ್ಟಿತ್ತು.

ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯನ್ನೂ ಹೀಗೆ, ಸವೆದ ಜಾಗದಿಂದ ಓದಬಹುದು.

ಜಪಾನಿನ ರೋಲಾಂಡ್ ಕಂಪನಿ 1981ರಲ್ಲಿ ಟಿಬಿ-303 ಅನ್ನೋ ಬೆಳ್ಳಿಬಣ್ಣದ ಪುಟ್ಟ ಪೆಟ್ಟಿಗೆ ತಂತು. ಬಾಸ್ ಗಿಟಾರ್ ನುಡಿಸುವವರು ಸಿಗದಿದ್ದಾಗ ಅವರ ಬದಲಿಗೆ ಇದು. ಮೇಲ್ಗಡೆ ಸಾಲಾಗಿ ಆರು ಸಣ್ಣ ನಾಬ್. ಆದರೆ ಅದರ ಸದ್ದು ಬಾಸ್ ಗಿಟಾರಿನ ಥರ ಇರಲೇ ಇಲ್ಲ. ಸುಮಾರು 10,000 ಪೆಟ್ಟಿಗೆ ಮಾಡಿ 1984ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು.

ಅಂಥದ್ದೊಂದು ಷಿಕಾಗೋದ ಫ್ಯೂಚರ್ ಅನ್ನೋ ತಂಡದ ಹುಡುಗರ ಕೈಗೆ ಬಂತು. ಒಂದೇ ಸ್ವರಸಾಲು ತಿರುಗಿ ತಿರುಗಿ ಬರುತ್ತಿರುವಾಗಲೇ ಅವರು ನಾಬುಗಳನ್ನು ತಿರುಗಿಸುತ್ತಾ ಹೋದರು. ಸದ್ದು ಹಿಂಡಿದ ಹಾಗೆ, ಕೀರಲಿಟ್ಟ ಹಾಗೆ, ಗುಳುಗುಳು ಅಂದ ಹಾಗೆ ಬದಲಾಯಿತು. 1987ರಲ್ಲಿ ಅವರ 'ಆಸಿಡ್ ಟ್ರ್ಯಾಕ್ಸ್' ಬಂತು. ಆಸಿಡ್ ಹೌಸ್ ಅನ್ನೋ ಒಂದು ಸಂಗೀತ ಪ್ರಕಾರವೇ ಅದರಿಂದ ಬೆಳೆಯಿತು. ನಿಜವಾದ ವಾದ್ಯ ಯಾವುದು ಹೇಳಿ? ಪೆಟ್ಟಿಗೆಯಲ್ಲ, ಆ ನಾಬು. ಸದಾ ತಿರುಗುತ್ತಿದ್ದ ಮೇಲೆ ಸವೆಯದೆ ಇರುತ್ತಾ?

ಇದಕ್ಕೂ ಐದು ವರ್ಷ ಮೊದಲು, 1982ರಲ್ಲೇ, ಬಾಂಬೆಯಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಇದೇ 303ಯನ್ನು, ಜೊತೆಗೆ 808 ಡ್ರಮ್ ಯಂತ್ರವನ್ನು ಇಟ್ಟುಕೊಂಡು ಹತ್ತು ರಾಗಗಳ ಡಿಸ್ಕೋ ರೆಕಾರ್ಡ್ ಮಾಡಿದ್ದರು. 303ಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ರಾಗ ಗೊತ್ತಿದ್ದ ಕಿವಿಗೆ ಅದು ಸಹಜವಾಗಿ ಒಗ್ಗಿರಬೇಕು. ಆ ರೆಕಾರ್ಡನ್ನು ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ, ಇದು ಷಿಕಾಗೋಗಿಂತ ಹಿಂದಿನದಾ ಅಂತ ಜಗತ್ತು ಕಣ್ಣರಳಿಸಿತು.

ನಾಬೇ ಬೇಡ ಅಂದವರೂ ಇದ್ದರು. 1983ರಲ್ಲಿ ಬಂದ ಯಮಹಾದ ಡಿಎಕ್ಸ್7 ಕೀಬೋರ್ಡಿನಲ್ಲಿ ಸದ್ದು ರೂಪಿಸಲು ಇದ್ದದ್ದು ಚಪ್ಪಟೆ ಗುಂಡಿಗಳು ಮತ್ತು ಮೇಲೆ ಕೆಳಗೆ ಸರಿಸುವ ಒಂದೇ ಒಂದು ಸ್ಲೈಡರ್. ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಆದರೆ ಒಂದು ಸದ್ದು ಬದಲಾಯಿಸಲು ಅಷ್ಟೊಂದು ಗುಂಡಿ ಒತ್ತುವ ತಾಳ್ಮೆ ಯಾರಿಗಿತ್ತು? ಹೆಚ್ಚಿನವರು ಕಂಪನಿ ತುಂಬಿಕೊಟ್ಟ ಸದ್ದುಗಳನ್ನೇ ನುಡಿಸಿದರು. ಆ ಕಾಲದ ಎಷ್ಟೋ ಹಾಡುಗಳಲ್ಲಿ ಅದೇ ಎಲೆಕ್ಟ್ರಿಕ್ ಪಿಯಾನೋ ಕೇಳಿಸಲು ಇದೂ ಒಂದು ಕಾರಣ.

ಸವೆತಕ್ಕೆ ಗೌರವವೂ ಸಿಕ್ಕಿದೆ. ಹಿಪ್‌ಹಾಪ್ ಕಲಾವಿದ ಜೆ ಡಿಲ್ಲಾ ಬೆರಳಲ್ಲಿ ಬಡಿದು ತಾಳ ಕಟ್ಟುತ್ತಿದ್ದ, 16 ರಬ್ಬರ್ ಪ್ಯಾಡಿನ ಎಂಪಿಸಿ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಲ್ಲಿ ಸೇರಿದ ಯಂತ್ರ ಇನ್ನು ನುಡಿಯಲೇಬೇಕು ಅಂತಿಲ್ಲ. ಅಮ್ಮನ ಪೆಟ್ಟಿಗೆಗೆ ಆ ಭಾಗ್ಯ ಇಲ್ಲ. ನಾಳೆ ಬೆಳಗ್ಗೆ ಐದೂವರೆಗೆ ಅದು ನುಡಿಯಬೇಕು.

ರಿಪೇರಿ ಕಷ್ಟದ್ದೇನಲ್ಲ. ಮೊದಲು ಪ್ಲಗ್ ಕಿತ್ತಿಡಿ. ಪಾಟಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಬರೀ ಧೂಳಾಗಿದ್ದರೆ ಕರಕರ ನಿಲ್ಲುತ್ತೆ. ಕಾರ್ಬನ್ನೇ ಹೋಗಿದ್ದರೆ ಪಾಟ್ ಬದಲಾಯಿಸಬೇಕು. ಅದರ ಮೇಲೆ ಅಚ್ಚಾಗಿರುವ ಅಕ್ಷರ, ಅಂಕಿ ಎರಡನ್ನೂ ಬರೆದುಕೊಳ್ಳಿ. ಕಡ್ಡಿಯ ತುದಿ ಒಂದು ಕಡೆ ಚಪ್ಪಟೆಯೋ, ಸುತ್ತ ಹಲ್ಲುಹಲ್ಲೋ ಅಂತಲೂ ನೋಡಿ. ಇಲ್ಲದಿದ್ದರೆ ಹಳೇ ನಾಬ್ ಕೂರಲ್ಲ. ಇನ್ನು ಕೀಬೋರ್ಡಿನ ರಬ್ಬರ್ ಗುಂಡಿ ಕೈಕೊಟ್ಟರೆ, ಅದರ ಅಡಿಯ ಕಪ್ಪು ಬಿಲ್ಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ನೋಡಿ. ಎಷ್ಟೋ ಸಲ ಅಷ್ಟು ಸಾಕು.

ನಮ್ಮದು ಸ್ಪ್ರೇಗೆ ಬಗ್ಗಲಿಲ್ಲ. ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದು, ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಅಲೆದೆ. ಅಂಥದ್ದೇ ಪಾಟ್ ಸಿಕ್ಕಿತು, ಎರಡು ಕಾಫಿಯ ದುಡ್ಡಿಗೆ. "ನಾಬೂ ಹೊಸದು ಹಾಕಿ ಸಾರ್, ಇದರ ಗೆರೆಯೇ ಅಳಿಸಿಹೋಗಿದೆ" ಅಂತ ಅಂಗಡಿಯವರು ಮಿರಮಿರ ಮಿಂಚುವುದೊಂದನ್ನು ಕೊಟ್ಟರು.

ಮುಂದಿನ ಸಲ ಊರಿಗೆ ಒಯ್ದಾಗ ಅಮ್ಮ ಹೊಸ ನಾಬನ್ನು ಎರಡು ಸಲ ತಿರುಗಿಸಿ, "ಹಳೇದು ಬಿಸಾಕಿದ್ಯಾ?" ಅಂದಳು. ಜೇಬಿನಲ್ಲೇ ಇತ್ತು. ಅದನ್ನೇ ಹಾಕಿಕೊಟ್ಟೆ. ಅಳಿಸಿಹೋದ ಗೆರೆಯ ಜಾಗಕ್ಕೆ ತಂಗಿ ನೇಲ್ ಪಾಲಿಷಿನ ಕೆಂಪು ಚುಕ್ಕಿ ಇಟ್ಟಳು. ಅಮ್ಮ ಚುಕ್ಕಿಯ ಕಡೆ ನೋಡಲೇ ಇಲ್ಲ. ಕಣ್ಣುಮುಚ್ಚಿ ಮೆಲ್ಲಗೆ ತಿರುಗಿಸಿ, ಐದು ಮನೆಗೆ ತಂದು ನಿಲ್ಲಿಸಿ, ಸಾ ಹಿಡಿದಳು. ಹೊಸ ಪಟ್ಟಿ ಅವತ್ತಿನಿಂದ ಅಲ್ಲೇ ಸವೆಯಲು ಶುರುವಾಗಿದೆ.