ಗುಡ್ಡ ದಾಟದ ಚಿತ್ರ: ಮಲೆನಾಡಿನ ಆಂಟೆನಾ ಕಥೆ

ಇವತ್ತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೋಗೋಣ. ಅಲ್ಲಿನ ಹೆಂಚಿನ ಮನೆಗಳ ಪಕ್ಕ ಈಗಲೂ ಅಲ್ಲೊಂದು ಇಲ್ಲೊಂದು ತುಕ್ಕು ಹಿಡಿದ ಕಬ್ಬಿಣದ ಕಂಬ ಕಾಣುತ್ತೆ. ತುದಿಯಲ್ಲಿ ಏನೂ ಇರಲ್ಲ. ಒಂದು ಕಾಲಕ್ಕೆ ಭಾನುವಾರದ ರಾಮಾಯಣ ಇಳಿದು ಬರುತ್ತಿದ್ದದ್ದು ಆ ಕಂಬದಿಂದಲೇ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. ಮರುವರ್ಷ ದೇಶದ ಊರೂರಲ್ಲಿ ಸಣ್ಣ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. 100 ವ್ಯಾಟಿನ ಈ ಕೇಂದ್ರಗಳ ಪ್ರಸಾರ ಬಯಲುಸೀಮೆಯಲ್ಲಿ ಸುಮಾರು 20-25 ಕಿಲೋಮೀಟರ್ ಮುಟ್ಟುತ್ತಿತ್ತು. ಮಲೆನಾಡಲ್ಲಿ ಆ ಲೆಕ್ಕ ನಡೆಯಲಿಲ್ಲ. ಯಾಕಂದ್ರೆ ಟಿವಿ ತರಂಗ ಹೆಚ್ಚುಕಮ್ಮಿ ನೇರ ಗೆರೆಯಲ್ಲೇ ಹೋಗುತ್ತೆ. ನಡುವೆ ಗುಡ್ಡ ಬಂದರೆ ಆಚೆ ಬದಿಗೆ ನೆರಳು ಬಿದ್ದ ಹಾಗೆ.

ವಿಚಿತ್ರ ನೋಡಿ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ. ಆ ಚಿತ್ರ ದೆಹಲಿಗೆ ಹೋಗಿ, 36,000 ಕಿಲೋಮೀಟರ್ ಮೇಲಿನ ಉಪಗ್ರಹ ಮುಟ್ಟಿ, ಮರುಪ್ರಸಾರ ಕೇಂದ್ರಕ್ಕೆ ಇಳಿದು ಬರುತ್ತಿತ್ತು. ಕೊನೆಗೆ ಮನೆ ಎದುರಿನ ಗುಡ್ಡಕ್ಕೆ ಸಿಕ್ಕಿಕೊಳ್ಳುತ್ತಿತ್ತು!

ಜನ ಸುಮ್ಮನೆ ಕೂರಲಿಲ್ಲ. ಕಂಬ ಎತ್ತರಿಸಿದರು. ತೋಟದ ಮೇಲಿನ ದಿಬ್ಬದಲ್ಲಿ ಆಂಟೆನಾ ನಿಲ್ಲಿಸಿ ಮನೆವರೆಗೂ ವೈರು ಎಳೆದರು. ಮೀನಿನ ಮುಳ್ಳಿನಂಥ ಆ ಆಂಟೆನಾ ಜಪಾನಿನ ಉಡಾ ಮತ್ತು ಯಾಗಿ ಅನ್ನೋರು 1926ರಲ್ಲಿ ಜಗತ್ತಿಗೆ ತಿಳಿಸಿದ ವಿನ್ಯಾಸ. ಅದು ಮುಖ ಮಾಡಿದ ದಿಕ್ಕಿನಿಂದಷ್ಟೇ ಚೆನ್ನಾಗಿ ಹಿಡಿಯುತ್ತೆ. ಅದಕ್ಕೇ ಅಪ್ಪ ಮಳೆಯಲ್ಲಿ ಕಂಬ ತಿರುಗಿಸೋದು, ಒಳಗಿಂದ ಮಕ್ಕಳು "ಬಂತು ಬಂತು, ಅಪ್ಪಯ್ಯಾ, ಅಲ್ಲೇ ಬಿಡಿ! ಅಯ್ಯೋ, ಹೋಯ್ತು!" ಅಂತ ಕೂಗೋದು. ಸರಿ ಮಾಡಿ ಇಳಿಯೋಷ್ಟರಲ್ಲಿ ಮಂಗ ಬಂದು ಜೋತುಬಿದ್ದರೆ ಮತ್ತೆ ಮೊದಲಿಂದ.

ಆಮೇಲೆ ಮನೆಗೆ ಎರಡನೇ ಟಿವಿ ಬಂತು. ಒಂದೇ ವೈರನ್ನು ಸೀಳಿ ಎರಡು ಟಿವಿಗೆ ಕೊಟ್ಟರೆ ಎರಡರಲ್ಲೂ ಚುಕ್ಕಿ ಚುಕ್ಕಿ. ಸ್ಪ್ಲಿಟರ್ ಹಾಕಿದರೂ ಒಂದೊಂದಕ್ಕೆ ಸಿಗೋದು ಅರ್ಧಕ್ಕಿಂತ ಸ್ವಲ್ಪ ಕಮ್ಮಿಯೇ. ಆಗ ಪೇಟೆಯಿಂದ ಬೂಸ್ಟರ್ ತಂದರು. ಬಹಳ ಜನ ಎಡವಿದ್ದು ಇಲ್ಲೇ. ಬೂಸ್ಟರ್ ಟಿವಿ ಹಿಂದೆ ಇಟ್ಟರೆ, ದಾರಿಯುದ್ದಕ್ಕೂ ವೈರಿನಲ್ಲಿ ಸೊರಗಿ ಬಂದ ಸಿಗ್ನಲ್ ಜೊತೆ ಗದ್ದಲವೂ ದೊಡ್ಡದಾಗುತ್ತೆ. ಕಂಬದ ಮೇಲೆ, ಆಂಟೆನಾ ಪಕ್ಕದಲ್ಲೇ ಇಟ್ಟು, ಅದಕ್ಕೆ ಬೇಕಾದ ಕರೆಂಟನ್ನು ಅದೇ ಕೇಬಲ್ಲಿನಲ್ಲಿ ಕೆಳಗಿಂದ ಕಳಿಸಬೇಕು. ಸ್ಪ್ಲಿಟರ್ ಆಮೇಲೆ. ಅಷ್ಟೆಲ್ಲ ಮಾಡಿದರೂ ಒಂದು ಮಾತು ನಿಜ: ಬೂಸ್ಟರ್ ಬಂದದ್ದನ್ನು ಹೆಚ್ಚಿಸುತ್ತೆ, ಬಾರದ್ದನ್ನು ಹುಟ್ಟಿಸಲ್ಲ.

ಗುಡ್ಡದ ಸಮಸ್ಯೆ ಬಗೆಹರಿಸಿದ್ದು ಡಿಶ್. ಅದು ಗುಡ್ಡದ ಕಡೆ ನೋಡೋದೇ ಇಲ್ಲ, ಆಕಾಶದ ಕಡೆ ಮುಖ ಮಾಡಿರುತ್ತೆ. ಇದೇನೂ ಹೊಸ ಉಪಾಯ ಅಲ್ಲ. 1975-76ರಲ್ಲೇ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು 'ಸೈಟ್' ಪ್ರಯೋಗದಲ್ಲಿ ಉಪಗ್ರಹದಿಂದ ನೇರವಾಗಿ ಟಿವಿ ನೋಡಿದ್ದವು. ದೂರದರ್ಶನದ ಉಚಿತ ಡಿಶ್ ಸೇವೆ ಬಂದದ್ದು 2004ರ ಡಿಸೆಂಬರಿನಲ್ಲಿ. ಆದರೆ ಡಿಶ್‌ಗೆ ಬೇರೆ ಶತ್ರು ಇದೆ. ಹಳೇ ಆಂಟೆನಾಗೆ ಗುಡ್ಡ ಅಡ್ಡ, ಮಳೆ ಲೆಕ್ಕಕ್ಕಿಲ್ಲ. ಡಿಶ್‌ಗೆ ಗುಡ್ಡ ಲೆಕ್ಕಕ್ಕಿಲ್ಲ, ಮಳೆ ಅಡ್ಡ. ಆಷಾಢದ ಜಡಿಮಳೆಯಲ್ಲಿ ತುಂಗೆ ಏರುವಾಗ, ಸುದ್ದಿ ಬೇಕೇಬೇಕು ಅನ್ನೋ ಹೊತ್ತಿಗೇ ಪರದೆ ಕಪ್ಪು. ದೂರದರ್ಶನ ತನ್ನ ಹಳೇ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುತೇಕ ಮುಚ್ಚಿದೆ. ಹಾಗಾಗಿ ಆಂಟೆನಾಕ್ಕೆ ಮರಳೋಣ ಅಂದರೂ ದಾರಿ ಇಲ್ಲ.

ಇದು ಬರೀ ಹಳೇ ಕಥೆ ಅಂದ್ಕೋಬೇಡಿ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಮೊಬೈಲ್ ಹಿಡಿದು ಗುಡ್ಡ ಹತ್ತಿದರು. ಅವರ ಅಪ್ಪಂದಿರು ಆಂಟೆನಾ ಹೊತ್ತು ಹತ್ತಿದ್ದೂ ಅಂಥದೇ ಗುಡ್ಡ. ಅವತ್ತೂ ಇವತ್ತೂ ಖರ್ಚು, ಕಷ್ಟ ಎಲ್ಲ ಮನೆಯವರ ತಲೆಗೇ. ಆದರೆ ಬಯಲಿನ ಲೆಕ್ಕ ಹಿಡಿದು ಗೋಪುರ ನಿಲ್ಲಿಸಿದರೆ ಕಣಿವೆಯ ಮನೆ ಯಾವತ್ತೂ ನೆರಳಲ್ಲೇ ಉಳಿಯುತ್ತೆ. ಗುಡ್ಡದ ಈಚೆಗೂ ಒಂದು ಗೋಪುರ ಬೇಕು. ಆ ಕೆಲಸ ಯಾವ ಬೂಸ್ಟರ್ರೂ ಮಾಡಲ್ಲ.

ನಿಮ್ಮನೆ ಕಂಬ ಇನ್ನೂ ನಿಂತಿದೆಯಾ? ಅದರ ಕಥೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.