ಬೋರಲಿಟ್ಟ ಭಿಕ್ಷಾಪಾತ್ರೆ

ಎಣ್ಣೆಯ ಬೆಲೆ ಏರಿದುದರಿಂದ ಸರಕಾರದ ಬುಡ ಅಲುಗಿದ ಪ್ರಸಂಗಗಳು ಪ್ರಪಂಚದ ಇತಿಹಾಸದಲ್ಲಿ ಹಲವಿವೆ. ಅವುಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ನಮ್ಮ ನೆರೆಯ ಬರ್ಮಾ, ಅಂದರೆ ಮ್ಯಾನ್ಮಾರ್ ದೇಶದಲ್ಲಿ 2007ರಲ್ಲಿ ನಡೆದುದು. ಪತ್ರಿಕೆಗಳು ಅದನ್ನು 'ಕೇಸರಿ ಕ್ರಾಂತಿ' ಎಂದು ಕರೆದವು. ಅಲ್ಲಿನ ಭಿಕ್ಷುಗಳ ಚೀವರದ ಬಣ್ಣ ಕೇಸರಿಯಲ್ಲ, ಕಡುಗೆಂಪು. ನಮ್ಮ 'ಕಾವಿ' ಎಂಬ ಮಾತೇ ಅದಕ್ಕೆ ಹೆಚ್ಚು ಸಲ್ಲುತ್ತದೆ. ಅದಿರಲಿ.

ಆ ವರ್ಷದ ಆಗಸ್ಟ್ 15ರಂದು ಅಲ್ಲಿನ ಸೇನಾ ಸರಕಾರವು ಯಾವ ಮುನ್ಸೂಚನೆಯನ್ನೂ ಕೊಡದೆ ಇಂಧನದ ಮೇಲಿನ ಸಹಾಯಧನವನ್ನು ತೆಗೆದುಹಾಕಿತು. ಡೀಸೆಲಿನ ಬೆಲೆ ಎರಡು ಪಟ್ಟಾಯಿತು. ಬಸ್ಸುಗಳಿಗೆ ಬಳಸುತ್ತಿದ್ದ ಅನಿಲದ್ದು ಐದು ಪಟ್ಟು. ತನ್ನ ಸಮುದ್ರದ ಅನಿಲವನ್ನು ಥೈಲ್ಯಾಂಡಿಗೆ ಮಾರಿ ಹಣ ಗಳಿಸುತ್ತಿದ್ದ ಸರಕಾರವಿದು! ಬಸ್ಸಿನ ದರ ಏರಿತು, ಅದರ ಬೆನ್ನಿಗೇ ಅಕ್ಕಿಯದು, ಅಡುಗೆಯೆಣ್ಣೆಯದು. ಆಗಸ್ಟ್ 19ರಂದು ಮಿನ್ ಕೊ ನಾಯಿಂಗ್ ಮೊದಲಾದ 1988ರ ವಿದ್ಯಾರ್ಥಿ ಚಳವಳಿಯ ನಾಯಕರು ರಂಗೂನಿನ ಬೀದಿಗಳಲ್ಲಿ ನಡೆದುಹೋದರು. ಎರಡೇ ದಿನಗಳಲ್ಲಿ ಅವರನ್ನು ಹಿಡಿದು ಸೆರೆಗೆ ತಳ್ಳಲಾಯಿತು. ವಿಷಯ ಅಲ್ಲಿಗೇ ಮುಗಿಯಬಹುದಾಗಿತ್ತು.

ಮುಗಿಯದಂತೆ ಮಾಡಿದುದು ಪಕೊಕ್ಕು. ಐರಾವತಿ ನದಿಯ ದಡದ ಈ ಊರು ಪಾಲಿ ವಿದ್ವತ್ತಿಗೆ ಹೆಸರಾದುದು. ಸೆಪ್ಟೆಂಬರ್ 5ರಂದು ಅಲ್ಲಿ ಬೆಲೆಯೇರಿಕೆಯ ವಿರುದ್ಧ ಮೆರವಣಿಗೆ ಹೊರಟ ಭಿಕ್ಷುಗಳನ್ನು ಸೈನಿಕರೂ ಅವರ ಬಾಡಿಗೆಯ ಬಂಟರೂ ಹೊಡೆದರು. ಸೆಪ್ಟೆಂಬರ್ 17ರೊಳಗೆ ಕ್ಷಮೆ ಕೇಳಬೇಕೆಂದು ಭಿಕ್ಷುಸಂಘಟನೆ ಗಡುವು ಕೊಟ್ಟಿತು. ಕ್ಷಮೆ ಬರಲಿಲ್ಲ. ಆಗ ಭಿಕ್ಷುಗಳು ಮಾಡಿದ ಕಾರ್ಯಕ್ಕೆ ಪಾಲಿಯಲ್ಲಿ 'ಪತ್ತನಿಕ್ಕುಜ್ಜನ ಕಮ್ಮ' ಎಂದು ಹೆಸರು: ಪಾತ್ರೆಯನ್ನು ಬೋರಲಿಡುವುದು. ಸೈನ್ಯಾಧಿಕಾರಿಗಳಿಂದಾಗಲಿ ಅವರ ಕುಟುಂಬದವರಿಂದಾಗಲಿ ಇನ್ನು ಭಿಕ್ಷೆ ಸ್ವೀಕರಿಸುವುದಿಲ್ಲ ಎಂಬ ಘೋಷಣೆ.

ಇದರ ಮೂಲ ವಿನಯಪಿಟಕದಲ್ಲಿದೆ. ವಡ್ಢನೆಂಬ ಲಿಚ್ಛವಿಯು ದಬ್ಬ ಮಲ್ಲಪುತ್ತನೆಂಬ ಭಿಕ್ಷುವಿನ ಶೀಲದ ಮೇಲೆ ಸುಳ್ಳು ಅಪವಾದ ಹೊರಿಸಿದಾಗ ಬುದ್ಧನು ಅವನ ವಿಷಯದಲ್ಲಿ ಪಾತ್ರೆಯನ್ನು ಬೋರಲಿಡಿಸಿದನು. ಸುದ್ದಿ ಕೇಳಿದ ವಡ್ಢ ನಿಂತಲ್ಲೇ ಮೂರ್ಛೆಹೋದನಂತೆ. ಊಟ ತಪ್ಪುವುದು ಭಿಕ್ಷುವಿಗಲ್ಲವೆ, ಇವನೇಕೆ ಮೂರ್ಛೆಹೋಗಬೇಕು? ಕೊಡುವವನಿಗೆ ಪುಣ್ಯ ದೊರೆಯುವುದು ಪಡೆಯುವವನ ಕೈಯಿಂದ. ನಾವು ಕನ್ನಡದಲ್ಲಿ 'ಅಪಾತ್ರದಾನ' ಎಂದು ಪಡೆಯುವವನನ್ನು ಹಳಿಯುತ್ತೇವೆ. ಇಲ್ಲಿ ಅಪಾತ್ರನೆನಿಸಿದವನು ಕೊಡುವವನು! ಪಗೋಡಗಳಿಗೆ ಚಿನ್ನ ಹೊದಿಸಿ, ಮಹಾಥೇರರಿಗೆ ದಾನವಿತ್ತು ತಮ್ಮ ಆಳ್ವಿಕೆಗೆ ಧರ್ಮದ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ ಜನರಲ್‌ಗಳಿಗೆ ಇದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಬಸ್ಸಿನ ದರದ ಮಾತು ಆ ಹೊತ್ತಿಗೆ ಹಿಂದೆ ಸರಿದು, ಇವರಿಗೆ ಆಳುವ ಯೋಗ್ಯತೆಯುಂಟೆ ಎಂಬ ಮಾತು ಮುಂದೆ ಬಂದಿತ್ತೆಂದು ನನ್ನ ಭಾವನೆ.

ಸೆಪ್ಟೆಂಬರ್ 18ರಿಂದ ಭಿಕ್ಷುಗಳು ಮೆತ್ತಸುತ್ತವನ್ನು ಪಠಿಸುತ್ತ ಮಳೆಯಲ್ಲಿ ನಡೆದರು. ಜನ ಕೈಕೈ ಹಿಡಿದು ಇಕ್ಕೆಲದಲ್ಲಿ ಕಾವಲಾದರು. 22ರಂದು ಮೆರವಣಿಗೆ ಆಂಗ್ ಸಾನ್ ಸೂ ಕಿಯವರ ಗೃಹಬಂಧನದ ಮನೆಯ ಮುಂದೆ ನಿಂತಿತು. ಅವರು ಬಾಗಿಲಿಗೆ ಬಂದು ಕೈಮುಗಿದರು. 24ರಂದು ರಂಗೂನಿನಲ್ಲಿ ನೆರೆದವರು ಸುಮಾರು 1 ಲಕ್ಷ.

26ರಂದು ಬಂದೂಕು ಮಾತನಾಡಿತು. ಮರುದಿನ ಜಪಾನಿನ ಛಾಯಾಗ್ರಾಹಕ ಕೆಂಜಿ ನಾಗಾಯಿ ಗುಂಡಿಗೆ ಬಲಿಯಾದರು. ಸರಕಾರ ಒಪ್ಪಿಕೊಂಡ ಸಾವು 15ನ್ನು ಮೀರಲಿಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರರ ಲೆಕ್ಕದಲ್ಲಿ ಅದು ಕನಿಷ್ಠ 31.

ವಡ್ಢನ ಕಥೆಯಲ್ಲಿ ಅವನು ತಪ್ಪೊಪ್ಪಿಕೊಂಡ ಮೇಲೆ ಪಾತ್ರೆ ಮತ್ತೆ ಮೇಲ್ಮುಖವಾಯಿತು. ಬರ್ಮಾದಲ್ಲಿ ಸೈನಿಕರು ರಾತ್ರಿಯ ಹೊತ್ತು ವಿಹಾರಗಳ ಬಾಗಿಲು ಒಡೆದರು; ಅನೇಕ ಭಿಕ್ಷುಗಳ ಚೀವರ ಕಳಚಿಸಿ ಸೆರೆಗೆ ಒಯ್ದರು, ಉಳಿದವರು ಹಳ್ಳಿಗಳಿಗೆ ಚದುರಿಹೋದರು. ರಂಗೂನಿನ ಎಷ್ಟೋ ಬೀದಿಗಳಲ್ಲಿ ಬೆಳಗಿನ ಅನ್ನಕ್ಕೆ ಪಾತ್ರೆ ಹಿಡಿದು ಬರುವವರೇ ಇಲ್ಲದಾದರು.